ವಾಪಸ್ ಬರೋ ದಾರಿ ಮೊದಲು: ಬಾರಾಮತಿಯಿಂದ ಸಿಂಗಪುರಕ್ಕೆ ಒಬ್ಬನೇ

ಸಣ್ಣ ವಿಮಾನದಲ್ಲಿ ಒಬ್ಬರೇ ದೇಶ ದಾಟಬೇಕು ಅಂದರೆ ನಮ್ಮ ಪುಣೆ, ಮುಂಬೈ ಕಡೆಯವರೆಲ್ಲ ಪಶ್ಚಿಮಕ್ಕೇ ಮುಖ ಮಾಡುತ್ತಿದ್ದರು. ಕರಾಚಿ, ಮಸ್ಕತ್, ಆಮೇಲೆ ಯುರೋಪ್. ನಾನು ಪೂರ್ವಕ್ಕೆ ಹೋಗ್ತೀನಿ ಅಂದಾಗ ಹ್ಯಾಂಗರ್‌ನಲ್ಲಿ ನಕ್ಕವರೇ ಜಾಸ್ತಿ. "ಏನ್ರೀ ಇದು, ಬರ್ಮಾ ಮೇಲಿಂದಾನಾ?" ಅಂತ ಕೇಳಿದರು. 2019ರ ಡಿಸೆಂಬರ್‌ನಲ್ಲಿ ಹೊರಟು ಸಿಂಗಪುರದ ಸೆಲೆಟಾರ್ ಏರ್‌ಪೋರ್ಟ್ ಮುಟ್ಟಿ, ಹೋದ ವಿಮಾನದಲ್ಲೇ ವಾಪಸ್ ಬಂದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಮತ್ತೆ ಆಕಾಶ ಮುಚ್ಚಿದ ಮೇಲೆ ಅದೇ ಜನ ಫೋನ್ ಮಾಡಿ ಪ್ಲಾನ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸಿತು.

ವಿಮಾನ ಡೈಮಂಡ್ ಡಿಎ40 ಎನ್‌ಜಿ, ಲಾಂಗ್ ರೇಂಜ್ ಟ್ಯಾಂಕ್‌ನದ್ದು. ಗೆಳೆಯರ ಜೊತೆ ಪಾಲಿನಲ್ಲಿ ಕೊಂಡಿದ್ದು, ಬಾರಾಮತಿಯಲ್ಲಿ ಇರುತ್ತೆ. ಇದಕ್ಕೆ ದೊಡ್ಡ ವಿಮಾನಗಳಿಗೆ ಹಾಕೋ ಜೆಟ್ ಎ1 ಎಣ್ಣೆಯೇ ಸಾಕು. ಅವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಬೇಕಾಗುವ ಸೆಸ್ನಾ ಇದ್ದಿದ್ದರೆ ಈ ಯೋಚನೆಯನ್ನೇ ಬಿಡುತ್ತಿದ್ದೆ. ದಾರಿಯ ಊರುಗಳಿಗೆ ಅದರ ಡ್ರಮ್ ಮುಂದೆ ಕಳಿಸಿ ಕಾಯೋ ತಾಪತ್ರಯ ಯಾರಿಗೆ ಬೇಕು?

ಮೊದಲು ನನ್ನ ಪ್ಲಾನೂ ಪಶ್ಚಿಮದ್ದೇ. ಕಾಗದಪತ್ರ ಅರ್ಧ ಆಗಿತ್ತು, ಏಜೆಂಟ್‌ಗೆ ಮುಂಗಡ ಒಂದೂವರೆ ಲಕ್ಷದ ಹತ್ತಿರ ಹೋಗಿತ್ತು. 2019ರ ಫೆಬ್ರವರಿ 27ಕ್ಕೆ ಬಾಲಾಕೋಟ್ ಗಲಾಟೆಯಲ್ಲಿ ಆಕಾಶ ಮುಚ್ಚಿತು, ತೆರೆದದ್ದು ಜುಲೈನಲ್ಲಿ. ದುಡ್ಡು ವಾಪಸ್ ಬರಲಿಲ್ಲ. ಮುಂಬೈಯಿಂದ ಮಸ್ಕತ್‌ಗೆ ನೇರ ಹೋಗೋಣ ಅಂದರೆ 860 ನಾಟಿಕಲ್ ಮೈಲಿ (ಒಂದಕ್ಕೆ 1.85 ಕಿಲೋಮೀಟರ್; ಮುಂದೆ ಮೈಲಿ ಅಂದರೆ ಇದೇ), ಎಲ್ಲ ನೀರು. ಕಂಪನಿಯ ಪುಸ್ತಕದ ಲೆಕ್ಕದಲ್ಲಿ ಆಗುತ್ತೆ, ನನ್ನ ಲೆಕ್ಕದಲ್ಲಿ ಆಗಲ್ಲ. ಗೋವಾದಲ್ಲಿರುವ ಗೆಳೆಯ ಮಾಲ್ಡೀವ್ಸ್‌ಗೆ ಹೋಗು ಅಂದ. ತಿರುವನಂತಪುರದಿಂದ ಮಾಲೆ ಮುನ್ನೂರು ಚಿಲ್ಲರೆ ಮೈಲಿ, ಸರಿ. ಅಲ್ಲಿಂದ ಮುಂದೆ ಎಲ್ಲಿಗೆ?

ಆಗ ಪೂರ್ವ ಹಿಡಿದೆ. ನಾಗಪುರ, ಕೋಲ್ಕತ್ತ, ಥಾಯ್ಲೆಂಡಿನ ಚಿಯಾಂಗ್ ಮಾಯ್ ಮತ್ತು ಫುಕೆಟ್, ಮಲೇಷ್ಯಾದ ಲಂಕಾವಿ, ಸೆಲೆಟಾರ್. ಒಂದು ಕಡೆಗೆ ಸುಮಾರು 2,600 ಮೈಲಿ. ಎಲ್ಲರೂ ಎಣ್ಣೆಯ ಲೆಕ್ಕವನ್ನು ಹೋಗೋ ದಾರಿಯಿಂದ ಶುರು ಮಾಡುತ್ತಾರೆ. ನಾನು ವಾಪಸ್ ಬರೋ ದಾರಿಯಿಂದ ಮಾಡಿದೆ. ನನ್ನ ಪದ್ಧತಿ ಅಂದರೆ ಇಷ್ಟೇ.

ಚಳಿಗಾಲದಲ್ಲಿ ಹತ್ತು ಸಾವಿರ ಅಡಿ ಮೇಲೆ ಗಾಳಿ ಪಶ್ಚಿಮದಿಂದ. ಹೋಗುವಾಗ ಕೋಲ್ಕತ್ತದಿಂದ ಚಿಯಾಂಗ್ ಮಾಯ್ 635 ಮೈಲಿ, ಬೆನ್ನಿಗೆ 20 ನಾಟ್ (ಗಂಟೆಗೆ 20 ಮೈಲಿ) ಗಾಳಿ, ನಾಲ್ಕೂವರೆ ಗಂಟೆ. ಟ್ಯಾಂಕಿನ ಸುಮಾರು 148 ಲೀಟರ್‌ನಲ್ಲಿ ನೂರೂ ಖರ್ಚಾಗಲ್ಲ. ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಆರು ಗಂಟೆ ದಾಟುತ್ತೆ, ಉಳಿಯೋದು ಒಂದು ಗಂಟೆಯ ಎಣ್ಣೆ. ಕೋಲ್ಕತ್ತದಲ್ಲಿ ಮಂಜು ಇದ್ದರೆ ಢಾಕಾದಲ್ಲೂ ಇರುತ್ತೆ. ಭುವನೇಶ್ವರಕ್ಕೆ ಇನ್ನೂ ಇನ್ನೂರು ಮೈಲಿ. ಹಾಗಾಗಿ ವಾಪಸ್ಸಿಗೆ ಬರ್ಮಾದ (ಈಗಿನ ಮ್ಯಾನ್ಮಾರ್) ಯಾಂಗೊನ್ ಹಾಕಿದೆ. ಅಲ್ಲಿಂದ ಕೋಲ್ಕತ್ತ 555 ಮೈಲಿ. ನೇರ ಬಂದರೆ ತುಂಬಾ ನೀರು. ಅದೇ ದೇಶದ ಪಶ್ಚಿಮ ತೀರದ ಸಿಟ್ವೆ ಮೇಲಿಂದ ತೀರ ಹಿಡಿದು ಬಂದರೆ ನೀರು ಎಷ್ಟೋ ಕಮ್ಮಿ, ದೂರ ಹತ್ತು ಮೈಲಿಯೂ ಹೆಚ್ಚಲ್ಲ. ಚಾರ್ಟ್ ಮೇಲೆ ಅಳೆದು ನೋಡಿ, ನಂಬಿಕೆ ಬರದಿದ್ದರೆ. ಬೆಟ್ಟ ದಾಟಿದ ಮೇಲೆ ಕೆಳಗಿಳಿದೆ, ಎದುರುಗಾಳಿ ಅರ್ಧಕ್ಕೆ ಬಂತು. ಮಧ್ಯಾಹ್ನ ಕೋಲ್ಕತ್ತ ತಲುಪಿದಾಗ ಎರಡು ಗಂಟೆಯ ಎಣ್ಣೆ ಇತ್ತು, ಭುವನೇಶ್ವರದ ಬಾಗಿಲು ಕೊನೇ ತನಕ ತೆರೆದೇ ಇತ್ತು.

ಗಂಟೆಗೆ 21 ಲೀಟರ್ ಅನ್ನೋದು ನನ್ನದೇ ಅಳತೆ, ಪುಸ್ತಕದ್ದಲ್ಲ. ಬಾರಾಮತಿಯಿಂದ ಹುಬ್ಬಳ್ಳಿ ಮೇಲೆ ತಿರುಗಿ ವಾಪಸ್ ಬರೋದು, ಬೌಸರ್ (ಎಣ್ಣೆ ತುಂಬಿಸೋ ಟ್ಯಾಂಕರ್) ಮೀಟರ್ ನೋಡೋದು. ಅರವತ್ತು ಪರ್ಸೆಂಟ್ ಪವರ್, 125 ನಾಟ್ ಆಸುಪಾಸು. ಎಪ್ಪತ್ತೈದಕ್ಕೆ ಹಾಕಿದರೆ ವೇಗ ಸ್ವಲ್ಪ ಏರುತ್ತೆ, ಎಣ್ಣೆ ಸಿಕ್ಕಾಪಟ್ಟೆ ಏರುತ್ತೆ.

ತಿಂಗಳ ಆಯ್ಕೆಯೂ ಸುಲಭ ಇರಲಿಲ್ಲ. ನವೆಂಬರ್ ಅಂದುಕೊಂಡಿದ್ದೆ. 9ನೇ ತಾರೀಕು ಬುಲ್‌ಬುಲ್ ಚಂಡಮಾರುತ ಸಾಗರ್ ದ್ವೀಪದ ಹತ್ತಿರ ಅಪ್ಪಳಿಸಿತು. ಬಂಗಾಳ ಕೊಲ್ಲಿಯಲ್ಲಿ ಅದು ಚಂಡಮಾರುತದ ತಿಂಗಳೇ. ಫೆಬ್ರವರಿಗೆ ತಳ್ಳಿದರೆ ಉತ್ತರ ಥಾಯ್ಲೆಂಡಿನಲ್ಲಿ ಹೊಲ ಕಾಡು ಸುಡೋ ಹೊಗೆ, ಚಿಯಾಂಗ್ ಮಾಯ್‌ನಲ್ಲಿ ಬೆಟ್ಟ ಕಾಣಲ್ಲ. ಪಕ್ಕದಲ್ಲೇ 2,565 ಮೀಟರಿನ ದೋಯ್ ಇಂಥನಾನ್ ಇದೆ. ಉಳಿದಿದ್ದು ಡಿಸೆಂಬರ್, ಜನವರಿ. ಅಂಡಮಾನ್ ಸಮುದ್ರದ ಕಡೆಯ ಫುಕೆಟ್, ಲಂಕಾವಿಯಲ್ಲೂ ಆಗ ಒಣ ಹವೆ.

ಆ ತಿಂಗಳಲ್ಲಿ ಕೋಲ್ಕತ್ತದ ಮಂಜು ಕಾಡುತ್ತೆ. ಅಲ್ಲಿ ನನ್ನ ಹಾರಾಟದ ಪರ್ಮಿಟ್ ಸತ್ತೇ ಹೋಯಿತು. ಬೆಳಗು ಬೆಳಗೂ ಮಂಜು, 72 ಗಂಟೆಯ ಅವಧಿ ಕರಗುತ್ತಾ ಹೋಯಿತು. ಹೊಸ ಪರ್ಮಿಟ್, ಪಾರ್ಕಿಂಗ್, ಹೋಟೆಲ್, ಮತ್ತೆ ಹ್ಯಾಂಡ್ಲಿಂಗ್ (ಏರ್‌ಪೋರ್ಟಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳೋ ಏಜೆನ್ಸಿ ಖರ್ಚು) ಸೇರಿ ಎಂಬತ್ತು ಸಾವಿರ ಕೈಬಿಟ್ಟಿತು. ಈಗ ಹೊರಡೋದಾದರೆ ನಾಗಪುರದಲ್ಲೇ ಕೂತು ಕಾಯಿರಿ, ಅಲ್ಲಿ ಖರ್ಚು ಕಮ್ಮಿ. ಇನ್ನೊಂದು ಮಾತು: ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಮಂಜು ಎದ್ದು ಹನ್ನೊಂದಕ್ಕೆ ಹೊರಟರೆ ಅಲ್ಲಿಳಿಯೋದು ಐದಕ್ಕೆ. ಮುಕ್ಕಾಲು ಗಂಟೆಯಲ್ಲಿ ಸೂರ್ಯ ಮುಳುಗುತ್ತೆ. ಹನ್ನೊಂದರೊಳಗೆ ಹೊರಡೋಕೆ ಆಗದಿದ್ದರೆ ಆ ದಿನ ಬಿಟ್ಟುಬಿಡಿ.

ದೊಡ್ಡ ಏರ್‌ಪೋರ್ಟ್‌ಗಳಲ್ಲಿ ನೂರು ಲೀಟರ್ ಕೇಳಿದರೆ ಬೌಸರ್‌ನವರಿಗೆ ನಗು. ಬಂದವರು ದೊಡ್ಡ ವಿಮಾನಕ್ಕೆ ಹಾಕೋ ಪ್ರೆಷರ್ ಹೋಸ್ ಎಳೆದುಕೊಂಡು ಬಂದು, ರೆಕ್ಕೆ ಮೇಲಿನ ಮುಚ್ಚಳ ನೋಡಿ, ವಾಪಸ್ ಹೋಗಿಬಿಟ್ಟರು. ರೆಕ್ಕೆ ಮೇಲಿಂದ ತುಂಬಿಸೋ ಓವರ್‌ವಿಂಗ್ ನಾಝಲ್ ಹುಡುಕಿ ತರೋಷ್ಟರಲ್ಲಿ ಎರಡು ಗಂಟೆ. ಆಮೇಲೆ ಪ್ರತಿ ಊರಿಗೂ ಮೊದಲೇ ನಮ್ಮ ಎಣ್ಣೆ ತುಂಬಿಸೋ ಬಾಯಿಯ ಫೋಟೊ ಕಳಿಸಿದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ತೊಂದರೆ ನಿಂತಿತು. ಇನ್ನು ಬಲಗಡೆ ಟ್ಯಾಂಕ್‌ನಿಂದ ಎಡಕ್ಕೆ ಬರೋ ಟ್ರಾನ್ಸ್‌ಫರ್ ಪಂಪ್ ತೀರ ದಾಟೋ ಮುಂಚೆ ಒಂದು ಸಲ ಓಡಿಸಿ. ಓಡದಿದ್ದರೆ ಅಲ್ಲಿಂದಲೇ ತಿರುಗಿ.

ಬಿಳಿ ಅಂಗಿ, ಹೆಗಲ ಮೇಲೆ ನಾಲ್ಕು ಪಟ್ಟಿ, ಕುತ್ತಿಗೆಗೆ ಐಡಿ ಕಡ್ಡಾಯ ಅಂತ ತಿಳಿಯಿರಿ. ಟೀ ಶರ್ಟಿನಲ್ಲಿ ಹೋದರೆ ಪೈಲಟ್ ಎಲ್ಲಿ ಅಂತ ನನ್ನನ್ನೇ ಕೇಳುತ್ತಾರೆ. ಜನರಲ್ ಡಿಕ್ಲರೇಷನ್ (ವಿಮಾನ, ಸಿಬ್ಬಂದಿ ವಿವರದ ಫಾರ್ಮ್) ದಪ್ಪ ಕಟ್ಟು ಒಯ್ಯಿರಿ, ಜೊತೆಗೆ ಒಂದು ರಬ್ಬರ್ ಸ್ಟ್ಯಾಂಪ್. ಸ್ಟ್ಯಾಂಪಿನಲ್ಲಿ ನಾನು ಏನು ಬರೆಸಿದ್ದೆ ಅನ್ನೋದು ನನಗಿರಲಿ. ಅದರಷ್ಟು ಕೆಲಸ ನನ್ನ ಇನ್‌ಸ್ಟ್ರುಮೆಂಟ್ ರೇಟಿಂಗೂ ಮಾಡಲಿಲ್ಲ.

ಸ್ಯಾಟಲೈಟ್ ಮೆಸೆಂಜರ್ ಒಯ್ಯಲಿಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ನಮ್ಮಲ್ಲಿ ಕೇಸು, ಗೋವಾ ಏರ್‌ಪೋರ್ಟಿನಲ್ಲಿ ವಿದೇಶಿಯರು ಸಿಕ್ಕಿಬಿದ್ದ ಸುದ್ದಿ ಓದಿರುತ್ತೀರಿ. ಅಪಾಯದಲ್ಲಿ ಸಿಗ್ನಲ್ ಕಳಿಸೋ 406 ಮೆಗಾಹರ್ಟ್ಜ್ ಬೀಕನ್ ಒಯ್ದೆ. ಅದನ್ನು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಮಿಷನ್ ಕಂಟ್ರೋಲ್ ಸೆಂಟರಿನಲ್ಲಿ ನೋಂದಾಯಿಸಬೇಕು. ನೀರಿಗೆ ಬಿದ್ದರೆ ಬೇಕಾಗೋ ರಾಫ್ಟ್ ಬಾಡಿಗೆಗೆ ತಂದೆ, ಪಕ್ಕದ ಸೀಟಿನಲ್ಲಿ ಕೈಗೆ ಸಿಗೋ ಹಾಗೆ ಕಟ್ಟಿದ್ದೆ.

ಹುಬ್ಬಳ್ಳಿ ಸುತ್ತುಗಳಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಮನೆಯವಳು ಕೊಟ್ಟ ಚಕ್ಕುಲಿ ಮೊದಲ ಸಲವೇ ಫೇಲ್. ಪುಡಿ ಎಲ್ಲ ಥ್ರಾಟಲ್ ಸಂದಿಗೆ, ಕರುಂ ಕುರುಂ ಸದ್ದು ಮೈಕಿನಲ್ಲಿ. ಚಿಪ್ಸ್ ಪ್ಯಾಕೆಟ್ ಹನ್ನೊಂದು ಸಾವಿರ ಅಡಿಯಲ್ಲಿ ಉಬ್ಬಿ ಪಟ್ ಅಂತು, ನನ್ನ ಎದೆಯೂ. ಕೊನೆಗೆ ನಿಂತಿದ್ದು ಕೋಡುಬಳೆ ಮತ್ತು ಒಣದ್ರಾಕ್ಷಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರೆ ಆ ಎತ್ತರದಲ್ಲಿ ಒಂದು ಗಂಟೆಯಲ್ಲಿ 88 ಪರ್ಸೆಂಟಿಗೆ ಇಳಿದಿತ್ತು. ಆಕ್ಸಿಜನ್ ಬಾಟಲ್ ಬೇಕೇ ಬೇಕು. ನನಗೆ ಏನೂ ಆಗಲ್ಲ ಅನ್ನೋರು ಮೊದಲು ಬೆರಳು ಕೊಡಿ.

ದುಡ್ಡಿನ ಮಾತು. ಹೋಗಿ ಬರೋಕೆ ಸಾವಿರ ಲೀಟರ್ ಆಸುಪಾಸು, ಒಂದೂಕಾಲು ಲಕ್ಷ. ಎಟಿಎಫ್ (ವಿಮಾನದ ಎಣ್ಣೆ) ಮೇಲೆ ರಾಜ್ಯಕ್ಕೊಂದು ವ್ಯಾಟ್, ಹಾಗಾಗಿ ಎಲ್ಲಿ ತುಂಬಿಸ್ತೀರಿ ನೋಡಿಕೊಳ್ಳಿ. ಇನ್ಶುರೆನ್ಸ್ ವಿಸ್ತರಣೆ ಒಂದು ಲಕ್ಷ. ಹ್ಯಾಂಡ್ಲಿಂಗ್, ಪರ್ಮಿಟ್, ಲ್ಯಾಂಡಿಂಗ್ ಸೇರಿ ಐದು ಲಕ್ಷಕ್ಕೂ ಜಾಸ್ತಿ. ಒಂದು ಕಡೆ 1,400 ಡಾಲರ್ ಕೇಳಿದರು. ಏರ್‌ಲೈನ್ ದರಪಟ್ಟಿ ಬೇಡ, ತೂಕ 1,300 ಕಿಲೋ ಅಂತ ಬರೆದು ಬರೆದು ಆರುನೂರಕ್ಕೆ ಇಳಿಸಿದೆ. ಲಂಕಾವಿಯಲ್ಲಿ ಇದರ ಕಾಲುಭಾಗವೂ ಆಗಲಿಲ್ಲ. ಮುಂದಿನ ಸಲ ಫುಕೆಟ್ ಬಿಟ್ಟು ಚಿಯಾಂಗ್ ಮಾಯ್‌ನಿಂದ ನೇರ ಅಲ್ಲಿಗೇ ಇಳಿಯೋ ಲೆಕ್ಕ ಮಾಡಿದ್ದೇನೆ, 750 ಮೈಲಿ ಚಿಲ್ಲರೆ.

2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ನಂತರ ಮ್ಯಾನ್ಮಾರ್ ಆ ಮ್ಯಾನ್ಮಾರ್ ಅಲ್ಲ. ಸಿಟ್ವೆ ತೀರದ ದಾರಿಯನ್ನು ಈಗ ಕಣ್ಣುಮುಚ್ಚಿ ನಕಲು ಮಾಡಬೇಡಿ. ಮೊದಲು ಇನ್ಶುರೆನ್ಸ್‌ನವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ನೋಟಮ್ (ಪೈಲಟ್‌ಗಳಿಗೆ ಹೊರಡಿಸೋ ಅಧಿಕೃತ ಸೂಚನೆ) ಓದಿ, ಆಮೇಲೆ ಏಜೆಂಟ್‌ಗೆ ಮುಂಗಡ ಕೊಡಿ.