ಕಣ್ಣು ಮುಚ್ಚಿದ ಫೈಲ್ ಯಾವುದು? ನಿಜವಾದ ಇಇಜಿಯಿಂದ ಪದವಿ ತರಗತಿಯ ಮೊದಲ ಲ್ಯಾಬ್

ಇಇಜಿ ಎಂದರೆ ತಲೆಯ ಮೇಲಿಂದ ಅಳೆದ ಮಿದುಳಿನ ವಿದ್ಯುತ್ ದಾಖಲೆ. ಕಣ್ಣು ಮುಚ್ಚಿದಾಗ ಅದರಲ್ಲಿ ಏಳುವ ಆಲ್ಫಾ ಅಲೆಯನ್ನು ಪುಸ್ತಕದ ಚಿತ್ರದಲ್ಲಿ ತೋರಿಸಿ ಎಷ್ಟೋ ವರ್ಷ ಪಾಠ ಮಾಡಿದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲೂ ಬರೆದರು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಈಗ ಮೊದಲ ಲ್ಯಾಬಿನಲ್ಲೇ ನಿಜವಾದ ದಾಖಲೆ ಕೈಗೆ ಕೊಡುತ್ತೇನೆ.

ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ 109 ಸ್ವಯಂಸೇವಕರ 64 ಚಾನೆಲ್ (ತಲೆಯ 64 ಜಾಗಗಳಲ್ಲಿ ಅಳೆದ) ಇಇಜಿ ಉಚಿತವಾಗಿ ಸಿಗುತ್ತದೆ. ಒಬ್ಬೊಬ್ಬರದು 14 ಫೈಲ್. ನಮಗೆ ಮೊದಲೆರಡು ಸಾಕು: ಒಂದು ನಿಮಿಷ ಕಣ್ಣು ತೆರೆದು ಕೂತದ್ದು, ಒಂದು ನಿಮಿಷ ಮುಚ್ಚಿ ಕೂತದ್ದು. ಫೈಲಿನ ಹೆಸರು ಅಳಿಸಿ 'ಅ', 'ಆ' ಎಂದಿಡಿ. ಪ್ರತಿ ಜೋಡಿ ವಿದ್ಯಾರ್ಥಿಗಳಿಗೆ ಬೇರೆ ಬೇರೆ ವ್ಯಕ್ತಿಯ ಫೈಲ್ ಕೊಡಿ, ಆಗ ಪಕ್ಕದವರ ಉತ್ತರ ನೋಡಿ ಪ್ರಯೋಜನವಿಲ್ಲ.

ಕಂಪ್ಯೂಟರ್ ಮುಟ್ಟಿಸುವ ಮೊದಲು ಹತ್ತು ಸೆಕೆಂಡಿನ ಗೆರೆಗಳನ್ನು ಕಾಗದದಲ್ಲಿ ಹಂಚಿ: ಹಿಂದಲೆಯ ಓಜೆಡ್ (Oz) ಚಾನೆಲ್, ಹಣೆಯ ಎಫ್‌ಪಿ1 (Fp1) ಚಾನೆಲ್. ಯಾವುದು ಮುಚ್ಚಿದ ಕಣ್ಣು, ಏಕೆ ಎಂದು ಪೆನ್ಸಿಲ್ಲಿನಲ್ಲಿ ಬರೆಸಿ. ಹೆಚ್ಚಿನವರು ಹಣೆಯ ಚಾನೆಲ್‌ನಲ್ಲಿ ಎದ್ದ ದೊಡ್ಡ ಗುಡ್ಡಗಳನ್ನು ನೋಡಿ 'ಇದು ತೆರೆದ ಕಣ್ಣು' ಎನ್ನುತ್ತಾರೆ. ಉತ್ತರ ಸರಿ. ಆದರೆ ಆ ಗುಡ್ಡ ಮಿದುಳಿನದ್ದಲ್ಲ, ರೆಪ್ಪೆ ಬಡಿದದ್ದು: ಕಣ್ಣುಗುಡ್ಡೆಯ ಮುಂಭಾಗಕ್ಕೆ ಹಿಂಭಾಗಕ್ಕಿಂತ ಧನ ವಿಭವ ಇರುತ್ತದೆ, ರೆಪ್ಪೆ ಅದರ ಮೇಲೆ ಜಾರಿದಾಗ ಹಣೆಯಲ್ಲಿ ಅದು ಕಾಣುತ್ತದೆ. ಈ ಚರ್ಚೆಗೆ ಅರ್ಧ ಗಂಟೆ ಹೋದರೂ ಹೋಗಲಿ. ಇಡೀ ಲ್ಯಾಬಿನ ಜೀವ ಇಲ್ಲಿದೆ.

ಆಮೇಲೆ ಪೈಥಾನ್ ಪ್ರೋಗ್ರಾಮಿಂಗ್. ಅದರ ಎಂಎನ್‌ಇ (MNE) ಲೈಬ್ರರಿ ಈ ಫೈಲ್‌ಗಳನ್ನು ನೇರವಾಗಿ ಓದುತ್ತದೆ. ಚಾನೆಲ್ ಹೆಸರುಗಳ ಕೊನೆಯಲ್ಲಿ ಚುಕ್ಕೆಗಳಿರುತ್ತವೆ, ಮೊದಲೇ ಹೇಳಿಬಿಡಿ. ಎರಡು ಸೆಕೆಂಡಿನ ತುಂಡುಗಳಿಂದ ಓಜೆಡ್‌ನ ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ನಕ್ಷೆ) ಎಳೆಸಿದರೆ ಅರ್ಧ ಹರ್ಟ್ಸ್‌ವರೆಗೆ ಬಿಡಿಸಿ ನೋಡಬಹುದು. ಕಣ್ಣು ಮುಚ್ಚಿದಾಗ 8ರಿಂದ 13 ಹರ್ಟ್ಸ್ ನಡುವೆ ಉಬ್ಬು ಏಳಬೇಕು. 1929ರಲ್ಲಿ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಪ್ರಕಟಿಸಿದ ಆಲ್ಫಾ ಅಲೆ ಇದೇ. 60 ಹರ್ಟ್ಸ್‌ನಲ್ಲಿ ಚೂಪಾದ ಮುಳ್ಳು ಕಂಡರೆ ಅದು ವಿದ್ಯುತ್ ಲೈನಿನದು. ಅವರ ಕಣ್ಣಿಗೆ ಬೀಳುವ ಮುನ್ನ ಫಿಲ್ಟರ್ ಹಾಕಬೇಡಿ.

ಒಂದು ವರ್ಷ ಒಬ್ಬಳು ಬಂದು, "ಸರ್, ನಮ್ಮದರಲ್ಲಿ ಉಬ್ಬೇ ಇಲ್ಲ" ಎಂದಳು. ನಾನು ಬೇರೆ ಫೈಲ್ ಕೊಟ್ಟುಬಿಟ್ಟೆ. ಆ ತಪ್ಪು ಇನ್ನೂ ಚುಚ್ಚುತ್ತದೆ. ಆಲ್ಫಾ ತೀರಾ ಕಡಿಮೆ ಇರುವ ಆರೋಗ್ಯವಂತರೂ ಇದ್ದಾರೆ. ಅವಳು ಕಂಡದ್ದು ನಿಜವಾದ ಫಲಿತಾಂಶ. ಈಗ ಎಲ್ಲ ಜೋಡಿಗಳ ಮುಚ್ಚಿದ–ತೆರೆದ ಆಲ್ಫಾ ಪವರ್ ಅನುಪಾತವನ್ನೂ ಬೋರ್ಡಿನಲ್ಲಿ ಚುಕ್ಕೆ ಇಡಿಸುತ್ತೇನೆ, 1ರ ಹತ್ತಿರ ಬಿದ್ದವನ್ನೂ ಸೇರಿಸಿ. ಅಂಕದಲ್ಲಿ ಅರ್ಧ ಪಾಲು ಪೆನ್ಸಿಲ್ಲಿನಲ್ಲಿ ಬರೆದ ಆ ಮೊದಲ ಕಾರಣಕ್ಕೆ.