ಉಬುಂಟು ಅಳಿಸದೇನೇ ಕ್ಸುಬುಂಟು ಹಾಕ್ಕೊಳ್ಳೋದು ಹೇಗೆ?

4 ಜಿಬಿ ರ್‍ಯಾಮ್ ಇರೋ ಹಳೇ ಲ್ಯಾಪ್‌ಟಾಪಲ್ಲಿ ಉಬುಂಟು (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಏದುಸಿರು ಬಿಡ್ತಿದ್ರೆ ಪೆನ್‌ಡ್ರೈವ್ ಹುಡುಕ್ಕೊಂಡು ಫಾರ್ಮ್ಯಾಟ್ ಮಾಡೋಕೆ ಕೂರ್ಬೇಡಿ. 2006ರಿಂದ ಇರೋ ಕ್ಸುಬುಂಟು ಅದರ ಒಡಹುಟ್ಟೇ, ಎರಡಕ್ಕೂ ಸಾಫ್ಟ್‌ವೇರ್ ಬರೋದು ಒಂದೇ ಉಗ್ರಾಣದಿಂದ, ಬದಲಾಗೋದು ಮೇಲಿನ ಡೆಸ್ಕ್‌ಟಾಪ್ ಮಾತ್ರ: ಗ್ನೋಮ್ ಬದಲು ಹಗುರವಾದ ಎಕ್ಸ್‌ಎಫ್‌ಸಿಇ. ಲಿನಕ್ಸ್ ಮಿಂಟೂ ಉಬುಂಟು ಮೇಲೇ ಕಟ್ಟಿದ್ದು ನಿಜ, ಆದ್ರೆ ಅದಕ್ಕೆ ತನ್ನದೇ ಉಗ್ರಾಣ ಬೇರೆ ಇದೆ, ಅದನ್ನ ಇದರ ಜೊತೆ ಬೆರೆಸಿದ್ರೆ ಚಿತ್ರಾನ್ನ ಆಗತ್ತೆ, ಆ ಸಾಹಸ ಬೇಡ.

ಮೊದ್ಲು ಫೋಟೋ, ಫೈಲು ಎಲ್ಲಾ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಚಾರ್ಜರ್ ಹಾಕಿ. ಟರ್ಮಿನಲಲ್ಲಿ (ಆಜ್ಞೆ ಟೈಪ್ ಮಾಡೋ ಕಿಟಕಿ) 'ಸುಡೋ ಆಪ್ಟ್ ಅಪ್‌ಡೇಟ್' (sudo apt update), ಆಮೇಲೆ 'ಸುಡೋ ಆಪ್ಟ್ ಅಪ್‌ಗ್ರೇಡ್' (sudo apt upgrade) ಕೊಟ್ಟು ಮುಗಿಯೋವರೆಗೂ ಕಾಯಿರಿ. ಆಮೇಲೆ 'ಸುಡೋ ಆಪ್ಟ್ ಇನ್‌ಸ್ಟಾಲ್ ಕ್ಸುಬುಂಟು-ಡೆಸ್ಕ್‌ಟಾಪ್' (sudo apt install xubuntu-desktop), ಎಲ್ಲಾ ಇಂಗ್ಲಿಷಿನ ಚಿಕ್ಕಕ್ಷರದಲ್ಲೇ, ಹೈಫನ್ ಅಕ್ಕಪಕ್ಕ ಜಾಗ ಬಿಡ್ಬೇಡಿ.

ಮಧ್ಯದಲ್ಲಿ ಒಂದು ಹಳೇ ಕಾಲದ ಬಣ್ಣದ ಪರದೆ ಬಂದು ಜಿಡಿಎಂ3 ಬೇಕಾ, ಲೈಟ್‌ಡಿಎಂ ಬೇಕಾ ಅಂತ ಕೇಳತ್ತೆ. ಇಲ್ಲೇ ಜನ ಕಕ್ಕಾಬಿಕ್ಕಿ ಆಗೋದು, ಯಾಕಂದ್ರೆ ಮೌಸಲ್ಲಿ ಎಷ್ಟು ಕುಟ್ಟಿದ್ರೂ 'ಓಕೆ' ಕೇಳಲ್ಲ. ಬಾಣದ ಕೀಲಿ ಒತ್ತಿ ಲೈಟ್‌ಡಿಎಂ ಮೇಲೆ ಬನ್ನಿ, ಟ್ಯಾಬ್ ಒತ್ತಿ, ಎಂಟರ್ ಹೊಡೀರಿ. ಅದು ಲಾಗಿನ್ ಪರದೆ ಅಷ್ಟೇ, ಯಾವ್ದು ಆರಿಸಿದ್ರೂ ಅನಾಹುತ ಇಲ್ಲ.

ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಹಾಕೋ ಮುಂಚೆ ಸೆಷನ್ ಪಟ್ಟಿಯಲ್ಲಿ (ಯಾವ ಡೆಸ್ಕ್‌ಟಾಪ್ ಬೇಕು ಅಂತ ಆರಿಸೋ ಪಟ್ಟಿ) ಕ್ಸುಬುಂಟು ಆರಿಸಿ. ಫೈಲುಗಳೆಲ್ಲಾ ಇದ್ದಲ್ಲೇ ಇರತ್ವೆ. ಮೆನುಲಿ ಮಾತ್ರ ಒಂದೇ ಕೆಲ್ಸಕ್ಕೆ ಎರಡೆರಡು ಆಪ್ ಕಾಣ್ಸತ್ತೆ, ಅದು ನೋಡಿ ರೇಗಿ ಅವತ್ತೇ ಗ್ನೋಮ್ ಕಿತ್ತಾಕೋಕೆ ಹೋಗ್ಬೇಡಿ, ಒಂದೆರಡು ವಾರ ಬಳಸಿ ನೋಡಿ. ಹಿಡಿಸಲಿಲ್ವಾ, ಲಾಗಿನ್ ಪರದೆಯಲ್ಲೇ ಹಳೇ ಸೆಷನ್ನಿಗೆ ವಾಪಸ್ ಹೋಗ್ಬಹುದು. ಎರಡರಲ್ಲಿ ಒಂದು ಡೆಸ್ಕ್‌ಟಾಪ್ ತೆಗೆಯೋದೇ ಆದ್ರೆ ಯಾವ್ಯಾವ್ದು ಹೋಗತ್ತೆ ಅನ್ನೋ ಪಟ್ಟಿ ಪೂರ್ತಿ ಓದದೆ 'ವೈ' ಒತ್ತಬೇಡಿ.

ಕನ್ನಡ ಟೈಪಿಂಗ್ ನಿಂತುಹೋಗಿದ್ರೆ ಗಾಬರಿ ಬೇಡ, ಲ್ಯಾಂಗ್ವೇಜ್ ಸಪೋರ್ಟ್ ತೆರೆದು ಇನ್‌ಪುಟ್ ವಿಧಾನ ಐಬಸ್ (IBus, ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಸಾಫ್ಟ್‌ವೇರ್) ಅಂತ ಮಾಡಿ, ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಇಲ್ದಿದ್ರೆ ಅದನ್ನೂ ಹಾಕ್ಕೊಳ್ಳಿ, ಒಂದ್ಸಲ ಲಾಗೌಟ್ ಆಗಿ ಬಂದು ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಕೆಜಿಪಿ ಸೇರಿಸಿದ್ರೆ ಬೆರಳಿಗೆ ಅಭ್ಯಾಸ ಆಗಿರೋ ಗಣಕ ಪರಿಷತ್ತಿನ ಕೀಲಿಮಣೆನೇ ಸಿಗತ್ತೆ.