ಹೃದಯ ಸರಿಯಿತ್ತು, ಹೆಪ್ಪು ಹೊಟ್ಟೆಯೊಳಗಿತ್ತು

ಹಿಂಗಾಲು ಎಳೆಯುತ್ತ ಬರುವ ನಾಯಿಯನ್ನು ಕಂಡರೆ ನಾವು ಪಶುವೈದ್ಯರು ಮೊದಲು ಮುಟ್ಟುವುದು ಬೆನ್ನೆಲುಬನ್ನೇ. ಮುಧೋಳದ ಹತ್ತಿರದ ಹಳ್ಳಿಯ ಆ ಎಂಟು ವರ್ಷದ ಮುಧೋಳ ತಳಿಯ ಹೆಣ್ಣು ನಾಯಿಗೂ ನಾನು ಹಾಗೆಯೇ ಮಾಡಿದೆ, ಮೂರು ದಿನ ನೋವಿನ ಔಷಧ ಕೊಟ್ಟೆ. ಅದು ತಪ್ಪಾಗಿತ್ತು.

‘ಸಾಹೇಬರೇ, ಕಬ್ಬಿನ ಬದುವಿನ ಮೇಲೆ ನಾಲ್ಕು ಮಾರು ನಡೆದು ಕುಳಿತುಬಿಡುತ್ತದೆ. ಸ್ವಲ್ಪ ಹೊತ್ತಾದರೆ ತಾನೇ ಏಳುತ್ತದೆ’ ಎಂದು ಯಜಮಾನರು ಎರಡನೆಯ ಸಲ ಬಂದಾಗ ಹೇಳಿದರು. ಈ ಮಾತನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ತೊಡೆಯ ಒಳಬದಿಗೆ ಬೆರಳಿಟ್ಟೆ, ನಾಡಿ ಸಿಗಲಿಲ್ಲ. ಪಾದಗಳು ತಣ್ಣಗಿದ್ದವು. ಸಕ್ಕರೆ ಪರೀಕ್ಷಿಸುವ ಸಣ್ಣ ಯಂತ್ರದಲ್ಲಿ ಮುಂಗಾಲಿನ ರಕ್ತಕ್ಕಿಂತ ಹಿಂಗಾಲಿನ ರಕ್ತದಲ್ಲಿ ಸಕ್ಕರೆ ಬಹಳ ಕಡಿಮೆ ಬಂತು. ಅಲ್ಲಿಗೆ ಸಾಕಷ್ಟು ಹೊಸ ರಕ್ತ ಹೋಗುತ್ತಿರಲಿಲ್ಲ.

ರಕ್ತದ ಹೆಪ್ಪು ಹೃದಯದಿಂದ ಬಂದು ದಾರಿ ಕಟ್ಟಿರಬಹುದೇ ಎಂದು ಎದೆಯ ಸ್ಕ್ಯಾನ್ ಮಾಡಿದೆ. ಬೆಕ್ಕಿನಲ್ಲಾದರೆ ಹೃದಯದ ಮೇಲಿನ ಕೋಣೆಯಾದ ಎಡ ಹೃತ್ಕರ್ಣ ಹಿಗ್ಗಿ, ಅದರೊಳಗೆ ರಕ್ತ ಹೊಗೆಯಂತೆ ಸುಳಿಯುವುದು ಕಂಡರೆ ಹೆಪ್ಪಿನ ಭಯ ದೊಡ್ಡದು. ಇಲ್ಲಿ ಹೊಗೆ ಇರಲಿಲ್ಲ, ಕವಾಟಗಳು ಸ್ವಚ್ಛವಾಗಿದ್ದವು. ಹೃತ್ಕರ್ಣಕ್ಕೂ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿಗೂ ಇರುವ ಅಗಲದ ಅನುಪಾತ 1.3, ಹಿಗ್ಗಿದೆ ಎನ್ನಲು 1.6 ಆಗಬೇಕು. ಕೆಳಗಿನ ಕೋಣೆ, ಅಂದರೆ ಹೃತ್ಕುಕ್ಷಿ ತುಸು ದೊಡ್ಡದಾಗಿತ್ತು, ಆದರೆ ಓಟದ ತಳಿಗಳಿಗೆ ಅದು ಸಹಜ.

ಇಲ್ಲಿಗೇ ಕೈ ಬಿಡುವವರಿದ್ದಾರೆ. ನಾನು ಸ್ಕ್ಯಾನ್ ಯಂತ್ರದ ಪ್ರೋಬನ್ನು ಹೊಟ್ಟೆಗೆ ಸರಿಸಿದೆ. ಮಹಾಪಧಮನಿ ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಬೂದು ಬಣ್ಣದ ಹೆಪ್ಪು ಕುಳಿತಿತ್ತು. ರಕ್ತದ ಹರಿವನ್ನು ತೋರಿಸುವ ಬಣ್ಣದ ಡಾಪ್ಲರ್‌ನಲ್ಲಿ ಅದರ ಅಂಚಿಗೆ ನೂಲಿನಷ್ಟು ರಕ್ತ ಹರಿಯುತ್ತಿತ್ತು.

ಹೃದಯವಲ್ಲದಿದ್ದರೆ ಎಲ್ಲಿಂದ ಬಂತು? ನಾಯಿಗಳಲ್ಲಿ ಮೂತ್ರಪಿಂಡ, ಅಡ್ರಿನಲ್ ಗ್ರಂಥಿ, ಕ್ಯಾನ್ಸರ್ ಇವೆಲ್ಲವನ್ನೂ ಹುಡುಕಬೇಕು. ಮೂತ್ರದಲ್ಲಿ ಪ್ರೋಟೀನ್ ಧಾರಾಳವಾಗಿತ್ತು, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಿತ್ತು. ಅಲ್ಬುಮಿನ್ ಸೋರುವ ದಾರಿಯಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಕೂಡ ಸೋರಿಹೋಗುತ್ತದೆ. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಎಂಬ ಸೋಂಕಿನ ಪರೀಕ್ಷೆಯೂ ಪಾಸಿಟಿವ್ ಬಂತು.

22 ಕಿಲೋ ತೂಕದ ನಾಯಿಗೆ ಹೆಪ್ಪು ತಡೆಯುವ ಕ್ಲೋಪಿಡೋಗ್ರೆಲ್‌ನ 75 ಮಿಲಿಗ್ರಾಂ ಗುಳಿಗೆಯಲ್ಲಿ ಅರ್ಧ, ದಿನಕ್ಕೊಮ್ಮೆ. ಜೊತೆಗೆ ಎರ್ಲಿಕಿಯಾಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್, ಪ್ರೋಟೀನ್ ಸೋರಿಕೆ ತಗ್ಗಿಸಲು ಟೆಲ್ಮಿಸಾರ್ಟಾನ್. ಪ್ರಾಣಿಗಳಲ್ಲಿ ಇಂಥ ಔಷಧಗಳ ಬಳಕೆ ಕುರಿತ 2019ರ ಕ್ಯುರೇಟಿವ್ (CURATIVE) ಮಾರ್ಗಸೂಚಿಯೂ ಮೂತ್ರದಲ್ಲಿ ಹೀಗೆ ಪ್ರೋಟೀನ್ ಕಳೆದುಕೊಳ್ಳುವ ನಾಯಿಗಳಿಗೆ ಹೆಪ್ಪು ತಡೆಯುವ ಔಷಧ ಕೊಡಿ ಎನ್ನುತ್ತದೆ.

ಎರಡು ತಿಂಗಳ ನಂತರವೂ ಹೆಪ್ಪು ಪೂರ್ತಿ ಕರಗಿರಲಿಲ್ಲ. ಆದರೆ ಪಾದ ಬೆಚ್ಚಗಾಗಿತ್ತು, ನಾಯಿ ಹೊಲದ ಆ ತುದಿಯವರೆಗೆ ಹೋಗಿ ಬರುತ್ತಿತ್ತು. ‘ಗುಳಿಗೆ ನಿಲ್ಲಿಸಲೇ?’ ಎಂದು ಯಜಮಾನರು ಕೇಳಿದರು. ‘ಬೇಡ ಕಾಕಾ’ ಎಂದೆ. ಈಗಲೂ ತಿಂಗಳಿಗೊಮ್ಮೆ ನಾಯಿಯ ಬೆಳಗಿನ ಮೂತ್ರವನ್ನು ಶೀಶೆಯಲ್ಲಿ ಹಿಡಿದು ತರುತ್ತಾರೆ.